ಗೆದ್ದಿದ್ದು ಪ್ರೋಗ್ರಾಮಾ, ಲ್ಯಾಪ್‌ಟಾಪಾ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನ ಜಿಲ್ಲಾ ಪುಟದಲ್ಲಿ ನಮ್ಮ ಕಡೆ ಒಂದು ಕಾಲೇಜಲ್ಲಿ ನಡೆದ ಕಂಪ್ಯೂಟರ್ ಚೆಸ್ ಸ್ಪರ್ಧೆ ಸುದ್ದಿ ಹಾಕಿದ್ರಿ, ಫೋಟೋ ಸಮೇತ. ಹೆಡ್ಡಿಂಗು ‘ಅತಿ ಬುದ್ಧಿವಂತ ಪ್ರೋಗ್ರಾಂಗೆ ಮೊದಲ ಬಹುಮಾನ’ ಅಂತ. ಕ್ರಿಕೆಟ್ಟು ಕಬಡ್ಡಿ ಬಿಟ್ಟು ಇಂಥದ್ದಕ್ಕೂ ಜಾಗ ಕೊಟ್ರಲ್ಲ ಅಂತ ಖುಷಿನೇ ಆಯ್ತು, ಆದ್ರೆ ಆ ಹೆಡ್ಡಿಂಗ್ ಸರಿಯಿಲ್ಲ ಸಾರ್. ನಾನು ಬೆಳಗ್ಗೆ ಒಂಬತ್ತರಿಂದ ಸಾಯಂಕಾಲದವರೆಗೂ ಅಲ್ಲೇ ಇದ್ದೆ, ಎಕ್ಸ್‌ಟೆನ್ಷನ್ ಬೋರ್ಡು ಯುಪಿಎಸ್ಸು ಎಲ್ಲ ಬಾಡಿಗೆಗೆ ಕೊಟ್ಟಿದ್ದೇ ನಾನು, ಆಟ ನಡೆಯೋದನ್ನ ಕಣ್ಣಾರೆ ನೋಡಿದೀನಿ. ಅವತ್ತು ಗೆದ್ದಿದ್ದು ಯಾವುದು ಅಂತ ಹೇಳೋಕೆ ಈ ಪತ್ರ.

ನಂದು ಚಿಂತಾಮಣಿಲಿ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಬೆಂಗಳೂರಿನ ಎಸ್.ಪಿ. ರೋಡಿಂದ ಕಂಪನಿಗಳು ತೆಗೆದುಹಾಕಿದ ಹಳೇ ಲ್ಯಾಪ್‌ಟಾಪ್ ತಂದು, ಎಸ್‌ಎಸ್‌ಡಿ ಹಾಕಿ, ಕೀಬೋರ್ಡ್ ಬದಲಾಯಿಸಿ ಮಾರ್ತೀನಿ. ಚೆಸ್ ಹುಚ್ಚು ಹೈಸ್ಕೂಲಿಂದ ಇದೆ, ಆಡೋದ್ರಲ್ಲಿ ಅಷ್ಟಕ್ಕಷ್ಟೇ, ಆದ್ರೆ ಚೆಸ್ ಆಡೋ ಪ್ರೋಗ್ರಾಂಗಳ, ಅಂದ್ರೆ ಚೆಸ್ ಎಂಜಿನ್‌ಗಳ ಕಥೆ ಅಂದ್ರೆ ಊಟ ಬಿಟ್ಟು ಕೂರ್ತೀನಿ. ಇನ್ನೊಂದು ಮೊದಲೇ ಹೇಳಿಬಿಡ್ತೀನಿ, ಫೈನಲ್‌ನಲ್ಲಿ ಸೋತ ಹುಡುಗಿ ತಂದಿದ್ದ ಲ್ಯಾಪ್‌ಟಾಪು ನಾನೇ 11,500ಕ್ಕೆ ಮಾರಿದ್ದು. ಹಾಗಾಗಿ ಇವನು ತನ್ನ ಗಿರಾಕಿ ಪರ ವಕಾಲತ್ತು ಮಾಡ್ತಿದಾನೆ ಅಂತ ಯಾರಾದ್ರೂ ಅಂದ್ರೆ ಅನ್ನಲಿ, ಪೂರ್ತಿ ಸುಳ್ಳೇನಲ್ಲ.

ಸ್ಪರ್ಧೆ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ, ನಿಮ್ಮ ವರದಿಲಿ ಅದು ಸರಿಯಾಗಿ ಬಂದಿರಲಿಲ್ಲ. ಇಲ್ಲಿ ಹುಡುಗರು ಚೆಸ್ ಆಡಲ್ಲ. ಚೆಸ್ ಆಡೋ ಪ್ರೋಗ್ರಾಂ ಬರೀತಾರೆ, ಆ ಪ್ರೋಗ್ರಾಂಗಳು ಒಂದಕ್ಕೊಂದು ಆಡ್ತವೆ, ಮಕ್ಕಳ ಕೆಲಸ ಎದುರಾಳಿ ನಡೆನ ಟೈಪ್ ಮಾಡೋದು, ತಮ್ಮ ಪ್ರೋಗ್ರಾಂ ಹೇಳಿದ ನಡೆನ ಬೋರ್ಡ್ ಮೇಲೆ ಇಡೋದು ಅಷ್ಟೇ. ಎಂಟು ಟೀಮು, ಒಂದೊಂದು ಪ್ರೋಗ್ರಾಂಗೆ ಒಂದು ಆಟಕ್ಕೆ 15 ನಿಮಿಷ. ನೋಟಿಸಲ್ಲಿ ಒಂದು ಸಾಲು ಇತ್ತು, ‘ಪ್ರತಿ ತಂಡವೂ ತಮ್ಮ ಸ್ವಂತ ಲ್ಯಾಪ್‌ಟಾಪ್ ತರತಕ್ಕದ್ದು’ ಅಂತ. ಎಡವಟ್ಟಾಗಿದ್ದು ಆ ಒಂದು ಸಾಲಲ್ಲೇ.

ಹುಡುಗಿ ಶಿಡ್ಲಘಟ್ಟದ ಕಡೆಯವಳು, ಮನೇಲಿ ಗೂಡಿಂದ ರೇಷ್ಮೆ ತೆಗೆಯೋ ರೀಲಿಂಗ್ ಕೆಲಸ. ಅವಳ ಲ್ಯಾಪ್‌ಟಾಪಲ್ಲಿ ಇರೋದು ಮೂರನೇ ಜನರೇಷನ್ ಐ5, ಅಂದ್ರೆ 2012ರ ಚಿಪ್ಪು. ಗೆದ್ದ ಹುಡುಗ ತಂದಿದ್ದು ಹೊಸ ಗೇಮಿಂಗ್ ಲ್ಯಾಪ್‌ಟಾಪು, ಪ್ರೋಗ್ರಾಂ ಯೋಚನೆ ಮಾಡೋಕೆ ಶುರು ಮಾಡಿದ್ರೆ ಫ್ಯಾನು ಮಿಕ್ಸಿ ಥರ ಕೂಗೋದು. ಹುಡುಗನ ತಪ್ಪು ಏನೂ ಇಲ್ಲ, ನೋಟಿಸಲ್ಲಿ ಇದ್ದ ಹಾಗೆ ತಂದಿದಾನೆ, ಪ್ರೋಗ್ರಾಮೂ ಅವನೇ ಕೂತು ಬರೆದಿರೋದು, ಒಳ್ಳೇ ಹುಡುಗ. ಇಬ್ರೂ ಫೈನಲ್‌ಗೆ ಬಂದ್ರು, ಮೂರು ಆಟ. ಮೊದಲನೇದು ಡ್ರಾ. ಎರಡನೇ ಆಟದ ಮಧ್ಯದಲ್ಲಿ ಕರೆಂಟ್ ಹೋಯ್ತು, ಅರ್ಧ ಗಂಟೆ ಮೇಲೆ ಬರಲೇ ಇಲ್ಲ. ಯುಪಿಎಸ್ ನಂದೇ ಇತ್ತಲ್ಲ, ಅದಕ್ಕೆ ಯಾರೋ ಪ್ರೊಜೆಕ್ಟರು, ಮೈಕು, ಸ್ಟೇಜ್ ಪಕ್ಕದ ಟೇಬಲ್ಲು ಸಿಕ್ಕಿಸಿದ್ರು. ಹುಡುಗನ ಟೇಬಲ್ಲು ಸ್ಟೇಜ್ ಪಕ್ಕದಲ್ಲಿತ್ತು, ಅವನ ಮಿಷಿನ್ ಫುಲ್ ಸ್ಪೀಡಲ್ಲಿ ಓಡ್ತಾನೇ ಇತ್ತು. ಹುಡುಗಿದು ಕಿಟಕಿ ಹತ್ರ, ಅವಳದ್ದು ಬ್ಯಾಟರಿಗೆ ಬಂತು. ಲ್ಯಾಪ್‌ಟಾಪು ಬ್ಯಾಟರಿಗೆ ಬಂದ್ರೆ ಚಾರ್ಜ್ ಉಳಿಸೋಕೆ ಪ್ರೊಸೆಸರ್ ತಾನಾಗೇ ಸ್ಪೀಡ್ ಇಳಿಸ್ಕೊಳ್ಳುತ್ತೆ, ಇದು ರಿಪೇರಿ ಮಾಡೋರಿಗೆಲ್ಲ ಗೊತ್ತಿರೋ ವಿಷಯ, ಸೆಟ್ಟಿಂಗ್ಸಲ್ಲಿ ಬದಲಾಯಿಸಿದ್ರೂ ಹಳೇ ಬ್ಯಾಟರಿ ಆದ್ರೆ ಪೂರ್ತಿ ಕೇಳಲ್ಲ. ಗಡಿಯಾರ ಮಾತ್ರ ಇಬ್ರಿಗೂ ಒಂದೇ ಥರ ಓಡ್ತಾ ಇತ್ತು. ಅವಳ ಪ್ರೋಗ್ರಾಂ ಮೂರು ನಡೆ ಆದ್ಮೇಲೆ ಬರೋ ಕುದುರೆ ಹೊಡೆತ ನೋಡಲಿಲ್ಲ, ಆನೆ ಹೋಯ್ತು, ಆಟ ಹೋಯ್ತು. ಮೂರನೇದೂ ಸೋತಳು. ನಾನು ಓಡಿಹೋಗಿ ವೈರ್ ಎಳೆಯೋಷ್ಟರಲ್ಲಿ ಎಲ್ಲ ಮುಗಿದಿತ್ತು, ಆ ಯುಪಿಎಸ್ ವಿಷಯದಲ್ಲಿ ನಂದೂ ತಪ್ಪಿದೆ, ಯಾರು ಯಾವುದಕ್ಕೆ ಸಿಕ್ಕಿಸ್ತಾರೆ ಅಂತ ನಾನೇ ನೋಡಬೇಕಿತ್ತು.

ಆಮೇಲೆ ಒಂದು ಕೆಲಸ ಮಾಡಿದೆ. ನಾಲ್ಕು ದಿನ ಬಿಟ್ಟು ಅದೇ ಹುಡುಗ ಫ್ಯಾನ್ ಕ್ಲೀನ್ ಮಾಡಿಸೋಕೆ ನನ್ನ ಅಂಗಡಿಗೇ ಬಂದ. ‘ಅಣ್ಣ, ಅವಳ ಪ್ರೋಗ್ರಾಂ ಚೆನ್ನಾಗಿತ್ತಲ್ವಾ, ನಂಗೂ ಒಂಥರಾ ಅನ್ನಿಸ್ತು’ ಅಂದ. ಹಾಗಾದ್ರೆ ನೋಡೇಬಿಡೋಣ ಅಂತ ಇಬ್ರನ್ನೂ ಕೇಳಿ ಎರಡೂ ಪ್ರೋಗ್ರಾಂ ತಗೊಂಡು ರಾತ್ರಿ ಎಲ್ಲ ಆಡಿಸಿದೆ. ಅವರವರ ಲ್ಯಾಪ್‌ಟಾಪಲ್ಲೇ, ಎರಡಕ್ಕೂ ಚಾರ್ಜರ್ ಹಾಕಿ 20 ಆಟ ಆಡಿಸಿದ್ರೆ ಹುಡುಗಂಗೆ 13, ಹುಡುಗಿಗೆ 7. ಲ್ಯಾಪ್‌ಟಾಪ್ ಅದಲು ಬದಲು ಮಾಡಿ 20 ಆಡಿಸಿದ್ರೆ ಹುಡುಗಿಗೆ 12, ಹುಡುಗಂಗೆ 8. ಆಮೇಲೆ ಎರಡನ್ನೂ ಅಂಗಡಿಲಿರೋ ನನ್ನ ಒಂದೇ ಡೆಸ್ಕ್‌ಟಾಪಲ್ಲಿ 40 ಆಟ ಆಡಿಸಿದೆ, 20.5 – 19.5. ಯಾರದ್ದು ಒಂದು ಪಾಯಿಂಟ್ ಜಾಸ್ತಿ ಅಂತ ಹೇಳಲ್ಲ, ಯಾಕಂದ್ರೆ 40 ಆಟದಲ್ಲಿ ಒಂದು ಪಾಯಿಂಟ್ ಅಂದ್ರೆ ಅದಕ್ಕೆ ಅರ್ಥನೇ ಇಲ್ಲ. ಸ್ಟಾಕ್‌ಫಿಶ್ ಅನ್ನೋ ಹೆಸರುವಾಸಿ ಚೆಸ್ ಎಂಜಿನ್ ಮಾಡೋ ಜನ ಪ್ರೋಗ್ರಾಮಲ್ಲಿ ಒಂದು ಸಣ್ಣ ಬದಲಾವಣೆ ಒಳ್ಳೇದಾ ಕೆಟ್ಟದ್ದಾ ಅಂತ ತಿಳಿಯೋಕೆ ಸಾವಿರಾರು, ಎಷ್ಟೋ ಸಲ ಹತ್ತಾರು ಸಾವಿರ ಆಟ ಆಡಿಸ್ತಾರೆ. ಆದ್ರೆ ಒಂದಂತೂ ಗೊತ್ತಾಯ್ತು. ಪ್ರೋಗ್ರಾಂ ಎರಡೂ ಸಮ ಸಮ ಇದ್ವು, ಗೆಲುವು ಲ್ಯಾಪ್‌ಟಾಪ್ ಜೊತೆ ಈ ಕಡೆಯಿಂದ ಆ ಕಡೆಗೆ ಹೋಯ್ತು.

ಯಾಕೆ ಹೀಗೆ ಅಂತ ಕೇಳಬಹುದು. ನಮ್ಮ ಕಡೆಯವರಿಗೆ ಇದನ್ನ ಹೇಳೋಕೆ ಬೋರ್‌ವೆಲ್‌ಗಿಂತ ಬೇರೆ ಉದಾಹರಣೆ ಬೇಡ. ಚೆಸ್ ಪ್ರೋಗ್ರಾಂ ಮಾಡೋದು ಕೊರೆಯೋ ಕೆಲಸನೇ. ನಾನು ಹೀಗೆ ನಡೆದ್ರೆ ಅವನು ಹೀಗೆ, ಆಗ ನಾನು ಹೀಗೆ ಅಂತ ಆಳಕ್ಕೆ ಹೋಗ್ತಾ ಇರುತ್ತೆ. ಬೋರ್ಡ್ ಮೇಲೆ ಕಾಯಿಗಳು ನಿಂತಿರೋ ರೀತಿಗೆ ಪೊಸಿಷನ್ ಅಂತಾರೆ, ಒಂದು ಸಾಧಾರಣ ಪೊಸಿಷನ್‌ನಲ್ಲಿ ಹೆಚ್ಚೂಕಮ್ಮಿ 35 ನಡೆ ಸಾಧ್ಯ ಇರುತ್ತೆ. ಎರಡು ನಡೆ ಆಳಕ್ಕೆ 1,225 ಪೊಸಿಷನ್, ಮೂರಕ್ಕೆ 42,875, ನಾಲ್ಕಕ್ಕೆ 15 ಲಕ್ಷ ದಾಟುತ್ತೆ. ಬೇಡದ ಕೊಂಬೆ ಕತ್ತರಿಸಿ ಹಾಕೋ ಆಲ್ಫಾ-ಬೀಟಾ ಅನ್ನೋ ಉಪಾಯ ಇದೆ, ಅದನ್ನ ಚೆನ್ನಾಗಿ ಬರೆದ್ರೆ ಒಂದೊಂದು ಮಟ್ಟ ಕೆಳಗೆ ಹೋಗೋಕೆ 35 ಪಟ್ಟಿನ ಬದಲು ಆರು ಪಟ್ಟಿನಷ್ಟು ಕೆಲಸ ಸಾಕು, ಈಗಿನ ದೊಡ್ಡ ಎಂಜಿನ್‌ಗಳಿಗೆ ಇನ್ನೂ ಕಮ್ಮಿ. ಅಂದ್ರೆ ಬೋರ್ ಆಳಕ್ಕೆ ಹೋದಷ್ಟೂ ಮುಂದಿನ ಅಡಿಗೆ ರೇಟು ಜಾಸ್ತಿ ಆದ ಹಾಗೆ, ತಿರುಚೆಂಗೋಡಿನ ರಿಗ್ ಲಾರಿಯವರು 300 ಅಡಿ ಆದ್ಮೇಲೆ ಒಂದು ರೇಟು, 1,000 ಅಡಿ ದಾಟಿದ್ರೆ ಇನ್ನೊಂದು ರೇಟು ಹೇಳ್ತಾರಲ್ಲ ಹಂಗೆ. ಸ್ಪೀಡಿರೋ ಮಿಷಿನ್ ಇದ್ದೋನು ಅದೇ 15 ನಿಮಿಷದಲ್ಲಿ ಇನ್ನೊಂದು ಮಟ್ಟ ಕೆಳಗೆ ಕೊರೀತಾನೆ. ಪಕ್ಕದ ಹೊಲದೋನು 1,400 ಅಡಿ ಕೊರೆಸಿದ್ರೆ 900 ಅಡಿಯೋನ ಬಾವಿ ಬತ್ತುತ್ತೆ, ಚಿಂತಾಮಣಿ ಶ್ರೀನಿವಾಸಪುರ ಕಡೆ ಇದನ್ನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದ್ರೆ ಬೋರ್‌ವೆಲ್‌ನಲ್ಲಿ ಇನ್ನೊಂದು ಇದೆಯಲ್ಲ, ಪಾಯಿಂಟ್ ನೋಡೋದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಎಲ್ಲ ಓಡಾಡಿ ಇಲ್ಲಿ ಹಾಕು ಅಂತಾರಲ್ಲ, ಅದನ್ನ ನಾನು ನಂಬಲ್ಲ ಅದು ಬೇರೆ ವಿಷಯ, ಆದ್ರೆ ಎಲ್ಲಿ ಕೊರೆಯೋದು ಅನ್ನೋದು ಎಷ್ಟು ಆಳ ಅನ್ನೋದಕ್ಕಿಂತ ದೊಡ್ಡದು. ಚೆಸ್ ಪ್ರೋಗ್ರಾಮಲ್ಲಿ ಬುದ್ಧಿ ಅಂದ್ರೆ ಅದೇ. ಯಾವ ನಡೆನ ಮೊದಲು ನೋಡಬೇಕು, ಯಾವುದನ್ನ ನೋಡದೇ ಬಿಡಬೇಕು, ನಿಂತ ಜಾಗದಲ್ಲಿ ಯಾರ ಕೈ ಮೇಲು ಅಂತ ಹೇಗೆ ಅಳೀಬೇಕು. ಹುಡುಗರು ಆರು ತಿಂಗಳು ನಿದ್ದೆಗೆಟ್ಟು ಬರೆಯೋದು ಇದನ್ನೇ. ಬಹುಮಾನ ಕೊಡಬೇಕಾಗಿರೋದೂ ಇದಕ್ಕೇ ಅಲ್ವಾ?

ಎಷ್ಟು ಸ್ಪೀಡಿಗೆ ಎಷ್ಟು ಲಾಭ ಅನ್ನೋದನ್ನ ಲೆಕ್ಕ ಹಾಕಿದೋರು ಇದಾರೆ. ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಕೆನ್ ಥಾಂಪ್ಸನ್ ಅಂತ, ಯುನಿಕ್ಸ್ ಮಾಡಿದೋರಲ್ಲಿ ಒಬ್ರು, ಅವರು ತಮ್ಮ ಬೆಲ್ ಅನ್ನೋ ಚೆಸ್ ಯಂತ್ರವನ್ನ ಅದರ ಜೊತೆಗೇ ಆಡಿಸಿ ನೋಡಿದ್ರು, ಒಂದು ಕಡೆಗೆ ಒಂದು ಮಟ್ಟ ಜಾಸ್ತಿ ಆಳ ಕೊಟ್ಟು. ಆ ಕಾಲದ ಆಳದಲ್ಲಿ ಒಂದು ಮಟ್ಟಕ್ಕೆ ಸುಮಾರು 200 ರೇಟಿಂಗ್ ಪಾಯಿಂಟ್ (ಆಟದ ಬಲ ಅಳೆಯೋ ಅಂಕ) ಜಾಸ್ತಿ ಬಂತು. ಆಮೇಲೆ ಎಂಜಿನ್ ಲೋಕದಲ್ಲಿ ಬಾಯಿಮಾತಿನ ಲೆಕ್ಕ ಏನಂದ್ರೆ ಸ್ಪೀಡ್ ಎರಡು ಪಟ್ಟಾದ್ರೆ 50ರಿಂದ 70 ಪಾಯಿಂಟು. ಅದು ಮೇಲೆ ಹೋದಷ್ಟೂ ಕಮ್ಮಿ ಆಗುತ್ತೆ, ಈಗಿನ ಸ್ಟಾಕ್‌ಫಿಶ್‌ಗೆ ಸ್ಪೀಡ್ ಡಬಲ್ ಮಾಡಿದ್ರೂ ಉದ್ದ ಟೈಮಿನ ಆಟ ಆದ್ರೆ ಬಹುಪಾಲು ಡ್ರಾನೇ. ಆದ್ರೆ ಕಾಲೇಜು ಮಕ್ಕಳ ಪ್ರೋಗ್ರಾಂ ಇನ್ನೂ ಆಳಕ್ಕೆ ಹೋಗಿರಲ್ಲ, ಅಲ್ಲಿ ಒಂದೊಂದು ಮಟ್ಟಕ್ಕೂ ಜೀವ ಹೋಗುತ್ತೆ. ನಾನು ಅಳೆದ ಪ್ರಕಾರ ಹುಡುಗಿ ಲ್ಯಾಪ್‌ಟಾಪಲ್ಲಿ ಸೆಕೆಂಡಿಗೆ 4 ಲಕ್ಷ ಪೊಸಿಷನ್ ನೋಡೋ ಪ್ರೋಗ್ರಾಂ ಹುಡುಗನ ಲ್ಯಾಪ್‌ಟಾಪಲ್ಲಿ 11 ಲಕ್ಷ ನೋಡುತ್ತೆ. ಬ್ಯಾಟರಿಗೆ ಬಂದಾಗ ಅವಳದ್ದು 2 ಲಕ್ಷಕ್ಕೆ ಇಳೀತು. ಪಾಯಿಂಟ್ ಲೆಕ್ಕದಲ್ಲಿ ಚಾರ್ಜರ್ ಇದ್ದಾಗಲೇ 100 ಪಾಯಿಂಟ್ ಹತ್ರ ಹಿಂದೆ, ನೂರು ಆಟ ಆಡಿದ್ರೆ 64 – 36 ಆಗೋ ಥರ. ಕರೆಂಟ್ ಹೋದ ಮೇಲೆ ಇನ್ನೂ ಕೆಳಗೆ. ನನ್ನ ಅಂಗಡಿಲಿ 13 – 7 ಬಂದಿದ್ದಕ್ಕೂ ಇದಕ್ಕೂ ಸರಿಹೋಯ್ತು ನೋಡಿ.

ಈ ವಿಷಯನ ಸ್ಪರ್ಧೆ ನಡೆಸಿದ ಮೇಷ್ಟ್ರ ಹತ್ರ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಗ್ತಾನೇ ಹೇಳಿದ್ರು, ‘ನೋಡಪ್ಪ, ಅಂತರರಾಷ್ಟ್ರೀಯ ಮಟ್ಟದಲ್ಲೂ ಯಾರು ಯಾವ ಕಂಪ್ಯೂಟರ್ ಬೇಕಾದ್ರೂ ತರಬಹುದಿತ್ತು, ನಾವೇನು ಹೊಸದಾಗಿ ಮಾಡಿಲ್ಲ’ ಅಂತ. ಮಾತು ಅರ್ಧ ನಿಜ. ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್‌ಷಿಪ್ 1974ರಲ್ಲಿ ಸ್ಟಾಕ್‌ಹೋಮಲ್ಲಿ ಶುರುವಾಗಿ 2024ರವರೆಗೆ ನಡೀತು, ಅದರಲ್ಲಿ ಬಹಳ ಸಲ ದೊಡ್ಡ ಮಿಷಿನ್ ತಂದೋರದ್ದೇ ಕಾರುಬಾರು. 1980ರಲ್ಲಿ ಲಿಂಜಲ್ಲಿ ಗೆದ್ದಿದ್ದು ನಾನು ಆಗ್ಲೇ ಹೇಳಿದ ಬೆಲ್, ಅದು ಬರೀ ಪ್ರೋಗ್ರಾಂ ಅಲ್ಲ, ಚೆಸ್‌ಗೆ ಅಂತಲೇ ಸರ್ಕ್ಯೂಟ್ ಕಟ್ಟಿದ ಯಂತ್ರ, ಸೆಕೆಂಡಿಗೆ ಒಂದೂವರೆ ಲಕ್ಷದ ಮೇಲೆ ಪೊಸಿಷನ್ ನೋಡ್ತಿತ್ತು, ಆ ಕಾಲಕ್ಕೆ ಯಾರ ಹತ್ರನೂ ಇರಲಿಲ್ಲ. ಅದನ್ನ ಆಮೇಲೆ ರಷ್ಯಾಗೆ ತಗೊಂಡು ಹೋಗೋಕೆ ಹೊರಟ್ರೆ ಅಮೆರಿಕದ ಕಸ್ಟಮ್ಸ್‌ನವರು ಏರ್‌ಪೋರ್ಟಲ್ಲೇ ಹಿಡಿದಿಟ್ಕೊಂಡ್ರಂತೆ, ಅಷ್ಟು ದೊಡ್ಡ ಸಾಮಾನು. 1983ರಲ್ಲಿ, ಮತ್ತೆ 1986ರಲ್ಲಿ ಗೆದ್ದಿದ್ದು ಕ್ರೇ ಬ್ಲಿಟ್ಜ್, ಹವಾಮಾನ ಲೆಕ್ಕ ಹಾಕೋ ಕ್ರೇ ಸೂಪರ್‌ಕಂಪ್ಯೂಟರ್ ಮೇಲೆ. ರಾಬರ್ಟ್ ಹಯಾಟ್ ಅವರದ್ದು ಆ ಪ್ರೋಗ್ರಾಂ. ಆದ್ರೆ ಒಂದು ಮಾತು ಹೇಳಲೇಬೇಕು, ಕ್ರೇ ಸಿಕ್ಕ ಮಾತ್ರಕ್ಕೆ ಯಾರು ಬೇಕಾದ್ರೂ ಗೆಲ್ಲೋಕೆ ಆಗ್ತಿರಲಿಲ್ಲ. ಹತ್ತು ಎತ್ತು ಕೊಟ್ರೂ ಹೂಡೋದು ಗೊತ್ತಿರಬೇಕಲ್ಲ. ಕೆಲಸನ ಹಲವು ಪ್ರೊಸೆಸರ್‌ಗೆ ಹಂಚೋದೇ ಒಂದು ದೊಡ್ಡ ವಿದ್ಯೆ, ಸರಿಯಾಗಿ ಹಂಚದಿದ್ರೆ ಎಲ್ಲ ಪ್ರೊಸೆಸರೂ ಒಂದೇ ಪೊಸಿಷನ್ನ ಮತ್ತೆ ಮತ್ತೆ ನೋಡ್ತಾ ಕೂರುತ್ತವೆ. 2015ರಲ್ಲಿ ಲೈಡನಲ್ಲಿ ಜಾನಿ ಅನ್ನೋ ಜರ್ಮನ್ ಪ್ರೋಗ್ರಾಂ 2,400 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಭಾಗ) ಮೇಲೆ ಓಡಿ ಗೆದ್ದಿತು, ನನಗೆ ಅದರ ಮೇಲೆ ಹೊಟ್ಟೆಕಿಚ್ಚೇನೂ ಇಲ್ಲ, 2,400 ಕೋರ್‌ಗೆ ಚೆಸ್ ಹಂಚಿದೋನಿಗೆ ಕೈ ಮುಗೀಬೇಕು.

ಆದ್ರೆ ಮೇಷ್ಟ್ರು ಹೇಳದೇ ಬಿಟ್ಟ ಅರ್ಧ ಇದೆಯಲ್ಲ. ಅದೇ ಚಾಂಪಿಯನ್‌ಷಿಪ್‌ನವರೇ ಈ ಬಗ್ಗೆ ಕಿತ್ತಾಡಿಕೊಂಡಿದಾರೆ. 2008ರಲ್ಲಿ ಬೀಜಿಂಗಲ್ಲಿ ರಿಬ್ಕಾ ಅನ್ನೋ ಪ್ರೋಗ್ರಾಂ 40 ಕೋರಿನ ಕ್ಲಸ್ಟರ್, ಅಂದ್ರೆ ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್ ತಂದು ಗೆದ್ದಿತು. 2009ಕ್ಕೆ ಯಾರೂ ಎಂಟು ಕೋರ್ ಮೀರಬಾರದು ಅಂತ ರೂಲ್ ಮಾಡಿದ್ರು, ಮತ್ತೆ ಅದನ್ನೂ ಕೈಬಿಟ್ರು. ಕೊನೆಗೆ 2010ರಿಂದ ಎರಡು ಸ್ಪರ್ಧೆ ಮಾಡಿದ್ರು, ಒಂದರಲ್ಲಿ ಏನು ಬೇಕಾದ್ರೂ ತನ್ನಿ, ಇನ್ನೊಂದು ಸಾಫ್ಟ್‌ವೇರ್ ಚಾಂಪಿಯನ್‌ಷಿಪ್ಪು, ಅದರಲ್ಲಿ ಎಲ್ರಿಗೂ ಒಂದೇ ಥರದ ಮಿಷಿನ್ನು. ಅಂದ್ರೆ ಎರಡೂ ಬೇರೆ ಬೇರೆ ಆಟ ಅಂತ ಅವರೇ ಒಪ್ಕೊಂಡ್ರು. (ರಿಬ್ಕಾದ ಪಟ್ಟಗಳನ್ನ 2011ರಲ್ಲಿ ವಾಪಸ್ ತಗೊಂಡ್ರು, ಆದ್ರೆ ಅದು ಸ್ಪೀಡಿಗಲ್ಲ, ಬೇರೆಯವರ ಕೋಡ್ ತಗೊಂಡಿದೆ ಅಂತ, ಅದರ ಜಗಳ ಇನ್ನೂ ಮುಗಿದಿಲ್ಲ.) ಟಿಸಿಇಸಿ ಅಂತ ಎಂಜಿನ್‌ಗಳ ಇನ್ನೊಂದು ದೊಡ್ಡ ಲೀಗ್ ನಡೆಯುತ್ತೆ, ಅಲ್ಲಿ ಎಂಜಿನ್ ಬರೆದೋರು ಮಿಷಿನ್ ತರೋ ಹಾಗೇ ಇಲ್ಲ, ನಡೆಸೋರದ್ದೇ ಮಿಷಿನ್ನು, ಪ್ರೋಗ್ರಾಂ ಮಾತ್ರ ಕಳಿಸಬೇಕು.

ಸ್ಪೀಡೇ ಎಲ್ಲ ಅಂತನೂ ನಾನು ಹೇಳ್ತಿಲ್ಲ, ಅದಕ್ಕೂ ಉದಾಹರಣೆ ಬೇಕಾದಷ್ಟು. 1995ರಲ್ಲಿ ಹಾಂಗ್‌ಕಾಂಗಲ್ಲಿ ಐಬಿಎಂನ ಡೀಪ್ ಬ್ಲೂ ಮಾದರಿ ಯಂತ್ರ ಬಂದಿತ್ತು, 1,824 ಪ್ರೊಸೆಸರಿನ ಸೂಪರ್‌ಕಂಪ್ಯೂಟರ್ ಮೇಲೆ ಓಡೋ ಸ್ಟಾರ್ ಸಾಕ್ರಟೀಸ್ ಬಂದಿತ್ತು, ಎರಡನ್ನೂ ಸೋಲಿಸಿ ಕಪ್ ಎತ್ತಿದ್ದು ಫ್ರಿಟ್ಜ್, ಒಂದು 90 ಮೆಗಾಹರ್ಟ್ಜ್ ಪೆಂಟಿಯಂ ಮೇಲೆ. ನಾನು ಕಂಪ್ಯೂಟರ್ ಕಲಿಯೋಕೆ ಸೇರಿದ ಸೆಂಟರಲ್ಲೂ ಹೆಚ್ಚೂಕಮ್ಮಿ ಅಂಥದ್ದೇ ಪೆಂಟಿಯಂ ಇತ್ತು, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು! 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ನ ಸೋಲಿಸಿದ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಪೊಸಿಷನ್ ನೋಡ್ತಿತ್ತು. ಹನ್ನೆರಡು ವರ್ಷ ಆದ್ಮೇಲೆ, 2009ರಲ್ಲಿ, ಪಾಕೆಟ್ ಫ್ರಿಟ್ಜ್ ಅನ್ನೋದು ಒಂದು ಮೊಬೈಲ್ ಫೋನಲ್ಲಿ ಓಡಿ ಬ್ಯೂನಸ್ ಐರಿಸ್‌ನ ಟೂರ್ನಮೆಂಟಲ್ಲಿ ಮನುಷ್ಯರ ವಿರುದ್ಧ ಹತ್ತರಲ್ಲಿ ಒಂಬತ್ತೂವರೆ ಪಾಯಿಂಟ್ ತಗೊಂಡಿತು, ಸೆಕೆಂಡಿಗೆ 20,000 ಪೊಸಿಷನ್ನೂ ನೋಡದೇ. ಡೀಪ್ ಬ್ಲೂನ ಹತ್ತು ಸಾವಿರದಲ್ಲಿ ಒಂದು ಭಾಗದ ಸ್ಪೀಡು. ಪಾಯಿಂಟ್ ಸರಿಯಾಗಿ ನೋಡಿದ್ರೆ ಇನ್ನೂರು ಅಡಿಗೇ ನೀರು ಬಂತು ಅಂತ. ಹಾಗಿದ್ರೆ ಹಾರ್ಡ್‌ವೇರ್ ಮುಖ್ಯ ಅಲ್ಲ ಬಿಡಿ ಅಂತೀರಾ? ಅಲ್ಲೇ ಇರೋದು ವಿಷಯ. ಪ್ರೋಗ್ರಾಂ ಪ್ರೋಗ್ರಾಂ ನಡುವೆ ಭೂಮಿ ಆಕಾಶ ವ್ಯತ್ಯಾಸ ಇದ್ದಾಗ ಸ್ಪೀಡ್ ಸೋಲುತ್ತೆ, ಆದ್ರೆ ಒಂದೇ ಸಿಲಬಸ್ ಓದಿ, ಒಂದೇ ವಿಡಿಯೋ ನೋಡಿ, ಒಂದೇ ಆರು ತಿಂಗಳಲ್ಲಿ ಬರೆದ ಮಕ್ಕಳ ಪ್ರೋಗ್ರಾಂಗಳ ನಡುವೆ ಅಂಥ ವ್ಯತ್ಯಾಸ ಎಲ್ಲಿಂದ ಬರ್ಬೇಕು. ಆಗ ಎರಡೂವರೆ ಮೂರು ಪಟ್ಟು ಸ್ಪೀಡೇ ತೀರ್ಪು ಹೇಳುತ್ತೆ.

ಹಾಗಾದ್ರೆ ಏನು ಮಾಡ್ಬೇಕು. ಸುಲಭದ್ದು ಅಂದ್ರೆ ಕಾಲೇಜಿನ ಲ್ಯಾಬಲ್ಲಿರೋ ಒಂದೇ ಥರದ ಎರಡು ಸಿಸ್ಟಂ ಇಟ್ಟು, ಪ್ರೋಗ್ರಾಂನ ಪೆನ್‌ಡ್ರೈವಲ್ಲಿ ತಗೊಂಡು ಅದರಲ್ಲೇ ಆಡಿಸೋದು. ಲ್ಯಾಬ್ ಇರೋದೇ ಅದಕ್ಕಲ್ವಾ, ನೋಟಿಸಲ್ಲಿ ಸ್ವಂತ ಲ್ಯಾಪ್‌ಟಾಪ್ ತನ್ನಿ ಅಂತ ಯಾಕೆ ಬರೆದ್ರೋ ನನಗಂತೂ ಅರ್ಥ ಆಗಲಿಲ್ಲ. ಎರಡನ್ನೂ ಒಂದೇ ಮಿಷಿನಲ್ಲಿ ಆಡಿಸಿದ್ರೂ ಆಗುತ್ತೆ, ಆದ್ರೆ ಎದುರಾಳಿ ಟೈಮಲ್ಲಿ ಯೋಚನೆ ಮಾಡೋದನ್ನ ಆಫ್ ಮಾಡಿರಬೇಕು, ಇಲ್ಲಾಂದ್ರೆ ಒಬ್ರ ಪಾಲಿನ ಪ್ರೊಸೆಸರನ್ನ ಇನ್ನೊಬ್ರು ತಿಂದ್ಕೊಳ್ತಾರೆ. ಮೆಮೊರಿನೂ ಇಬ್ರಿಗೂ ಇಷ್ಟೇ ಅಂತ ಮೊದಲೇ ಕಟ್ಟಿಹಾಕಬೇಕು, ನೋಡಿದ ಪೊಸಿಷನ್‌ಗಳನ್ನ ನೆನಪಿಟ್ಕೊಳ್ಳೋಕೆ ಜಾಗ ಜಾಸ್ತಿ ಸಿಕ್ಕಿದೋನು ಅದೇ ಕೆಲಸನ ಎರಡು ಸಲ ಮಾಡಲ್ಲ.

ಸ್ವಂತ ಲ್ಯಾಪ್‌ಟಾಪೇ ಆಗಬೇಕು ಅಂದ್ರೆ ಗಡಿಯಾರನ ತಿದ್ದಬಹುದು. ಇದು ನಾನು ಕಂಡುಹಿಡಿದಿದ್ದಲ್ಲ. ಸ್ಟಾಕ್‌ಫಿಶ್‌ನ ಪರೀಕ್ಷೆ ಆಟಗಳು ನಡೆಯೋದು ಜಗತ್ತಿನ ಎಲ್ಲೆಲ್ಲೋ ಇರೋ ಜನ ಪುಕ್ಸಟ್ಟೆ ಕೊಟ್ಟ ಕಂಪ್ಯೂಟರ್‌ಗಳಲ್ಲಿ, ಒಬ್ರದ್ದು ಹೊಸದು ಇನ್ನೊಬ್ರದ್ದು ಡಕೋಟ, ಅದಕ್ಕೇ ಫಿಶ್‌ಟೆಸ್ಟ್ ಅನ್ನೋ ಅವರ ವ್ಯವಸ್ಥೆ ಮೊದಲು ಆ ಮಿಷಿನ್ ಸ್ಪೀಡ್ ಅಳೆದು, ನಿಧಾನದ ಮಿಷಿನ್‌ಗೆ ಅಷ್ಟೇ ಪಟ್ಟು ಜಾಸ್ತಿ ಟೈಮ್ ಕೊಡುತ್ತೆ. ಸಿಸಿಆರ್‌ಎಲ್ ಅಂತ ಎಂಜಿನ್ ರೇಟಿಂಗ್ ಪಟ್ಟಿ ಮಾಡೋರೂ ಹಂಗೇ, ಇಂಟೆಲ್ ಐ7-4770ಕೆ ಅನ್ನೋ ಒಂದು ಪ್ರೊಸೆಸರ್‌ನ ಸೇರು-ಪಾವು ಥರ ಅಳತೆಗೆ ಇಟ್ಕೊಂಡು, ಅದರಲ್ಲಿ 40 ನಡೆಗೆ 15 ನಿಮಿಷ ಅಂದ್ರೆ ಇದರಲ್ಲಿ ಎಷ್ಟು ಅಂತ ಲೆಕ್ಕ ಹಾಕ್ತಾರೆ. ನಮ್ಮ ಫೈನಲ್‌ಗೆ ಆ ಲೆಕ್ಕ ಹಾಕಿದ್ರೆ ಹುಡುಗಿಗೆ 15 ನಿಮಿಷ, ಹುಡುಗಂಗೆ ಐದೂವರೆ ನಿಮಿಷ. ಅವನಿಗೆ ಮೊದಲು ಕೇಳೋಕೆ ಕಷ್ಟ ಆಗಬಹುದು, ಆದ್ರೆ ಆ ಐದೂವರೆಲಿ ಅವನ ಮಿಷಿನ್ನು ಅವಳ 15 ನಿಮಿಷದಷ್ಟೇ ಕೊರೀತದೆ. ಒಂದೇ ಎಚ್ಚರಿಕೆ, ಸ್ಪೀಡ್ ಅಳೆಯೋಕೆ ಎಲ್ಲ ಮಿಷಿನಲ್ಲೂ ಒಂದೇ ಬೇರೆ ಪ್ರೋಗ್ರಾಂ ಓಡಿಸಬೇಕು, ಮಕ್ಕಳ ಸ್ವಂತ ಪ್ರೋಗ್ರಾಮಿಂದ ಅಳೆಯಬಾರದು. ಇಲ್ಲಾಂದ್ರೆ ಕಷ್ಟಪಟ್ಟು ಕೋಡ್‌ನ ಚುರುಕು ಮಾಡಿದೋನಿಗೇ ಟೈಮ್ ಕಡಿತ ಆಗುತ್ತೆ, ಜಾಸ್ತಿ ಹಾಲು ಕೊಡೋ ಹಸುಗೆ ಮೇವು ಕಮ್ಮಿ ಹಾಕಿದ ಹಾಗೆ.

ಮೇಷ್ಟ್ರು ಇನ್ನೊಂದು ಐಡಿಯಾ ಹೇಳಿದ್ರು, ಟೈಮೇ ಬೇಡ, ಒಂದು ನಡೆಗೆ ಇಬ್ರಿಗೂ ಹತ್ತು ಲಕ್ಷ ಪೊಸಿಷನ್ ಅಂತ ರೇಷನ್ ಕೊಟ್ಟುಬಿಡೋಣ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಅದೂ ಅನ್ಯಾಯನೇ. ಕೆಲವು ಪ್ರೋಗ್ರಾಂ ಒಂದೊಂದು ಪೊಸಿಷನ್ನನ್ನೂ ನಿಧಾನವಾಗಿ, ತುಂಬ ಯೋಚಿಸಿ ಅಳೆಯುತ್ತೆ, ಕೆಲವು ಮೇಲೆ ಮೇಲೆ ನೋಡಿ ಬೇಗ ಬೇಗ ಮುಂದೆ ಹೋಗುತ್ತೆ. 2017ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ತೋರಿಸಿದ ಆಲ್ಫಾಜೀರೋ ಸೆಕೆಂಡಿಗೆ 80,000 ಪೊಸಿಷನ್ ನೋಡ್ತಿತ್ತು, ಅದರ ಎದುರು ಸ್ಟಾಕ್‌ಫಿಶ್ 7 ಕೋಟಿ. ರೇಷನ್ ಲೆಕ್ಕಕ್ಕೆ ಕೂತ್ರೆ ಸ್ಟಾಕ್‌ಫಿಶ್ ತಲೆ ಎತ್ತೋ ಹಾಗೇ ಇಲ್ಲ.

ಆ ಮ್ಯಾಚಿನ ಜಗಳನೂ ಇದೇ ಜಗಳ. ನೂರು ಆಟ, ಆಲ್ಫಾಜೀರೋ 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ ಅಂತ ಪೇಪರಲ್ಲೆಲ್ಲ ಬಂತು. ಆಲ್ಫಾಜೀರೋ ಓಡಿದ್ದು ಗೂಗಲ್ ತನಗೇ ಅಂತ ಮಾಡ್ಕೊಂಡ ನಾಲ್ಕು ಟಿಪಿಯು ಅನ್ನೋ ವಿಶೇಷ ಚಿಪ್ಪುಗಳ ಮೇಲೆ, ಸ್ಟಾಕ್‌ಫಿಶ್ ಸಾದಾ ಪ್ರೊಸೆಸರ್‌ನ 64 ಥ್ರೆಡ್ (ಒಟ್ಟಿಗೆ ಓಡೋ ಕೆಲಸದ ಎಳೆ) ಮೇಲೆ, ಅದಕ್ಕೆ ಪೊಸಿಷನ್ ನೆನಪಿಟ್ಕೊಳ್ಳೋಕೆ ಕೊಟ್ಟಿದ್ದು ಬರೀ 1 ಜಿಬಿ, ನಡೆಗೆ ಒಂದು ನಿಮಿಷ ಅಂತ ಫಿಕ್ಸು, ಅಂದ್ರೆ ಕಷ್ಟದ ಜಾಗದಲ್ಲಿ ಜಾಸ್ತಿ ಯೋಚಿಸೋ ಅದರ ವಿದ್ಯೆನೇ ಕೆಲಸಕ್ಕೆ ಬರಲಿಲ್ಲ. ಜನ ಬೈದ್ರು. ಮುಂದಿನ ವರ್ಷ 2018ರಲ್ಲಿ ಸರಿಯಾದ ಗಡಿಯಾರ ಇಟ್ಟು, 44 ಕೋರ್ ಕೊಟ್ಟು ಸಾವಿರ ಆಟ ಆಡಿಸಿದ ಫಲಿತಾಂಶ ಹಾಕಿದ್ರು, ಆಲ್ಫಾಜೀರೋ 155 ಗೆದ್ದು 6 ಸೋತಿತು. ಅಂದ್ರೆ ಅದು ನಿಜವಾಗ್ಲೂ ಮೇಲಿತ್ತು, ಆದ್ರೆ ಮೊದಲನೇ ಸಲನೇ ಹಿಂಗೆ ಆಡಿಸಿದ್ರೆ ಅಷ್ಟು ಮಾತು ಬರ್ತಿತ್ತಾ? ಟಿಪಿಯುಗೂ ಪ್ರೊಸೆಸರ್‌ಗೂ ಸಮ ಅಂತ ಹೇಗೆ ಅಳೆಯೋದು ಅನ್ನೋದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ, ಕರೆಂಟ್ ಬಿಲ್ ನೋಡೋದಾ, ಅಂಗಡಿ ರೇಟ್ ನೋಡೋದಾ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಮ್ಮ ಮಕ್ಕಳು ಇನ್ನೂ ಆ ಮಟ್ಟಕ್ಕೆ ಬಂದಿಲ್ಲ, ಬಂದಾಗ ನೋಡೋಣ. ಆದ್ರೆ ಅದರ ಸಣ್ಣ ರೂಪ ಬಂದಾಗಿದೆ. ಸ್ಟಾಕ್‌ಫಿಶ್‌ಗೆ 2020ರಿಂದ ಜಪಾನಿನ ಶೋಗಿ ಆಟದ ಕಡೆಯಿಂದ ಬಂದ ಎನ್ಎನ್‌ಯುಇ ಅನ್ನೋ ಸಣ್ಣ ನ್ಯೂರಲ್ ನೆಟ್‌ವರ್ಕ್ ಸೇರಿದೆ, ಅದು ಸಾದಾ ಪ್ರೊಸೆಸರಲ್ಲೇ ಓಡುತ್ತೆ ಆದ್ರೆ ಏವಿಎಕ್ಸ್2 ಅನ್ನೋ ಸೌಲಭ್ಯ ಇದ್ರೆ ಸಿಕ್ಕಾಪಟ್ಟೆ ಜೋರು, ಇಲ್ಲದಿದ್ರೆ ಕುಂಟುತ್ತೆ. ಹುಡುಗಿಯ ಮೂರನೇ ಜನರೇಷನ್ ಚಿಪ್ಪಲ್ಲಿ ಅದು ಇಲ್ಲ, ನಾಲ್ಕನೇದ್ರಿಂದ ಬಂದಿದ್ದು. ಮುಂದಿನ ವರ್ಷ ಅವಳು ತನ್ನ ಪ್ರೋಗ್ರಾಂಗೆ ಅಂಥದ್ದು ಹಾಕ್ತೀನಿ ಅಂತಿದಾಳೆ, ಅವಳದ್ದೇ ಲ್ಯಾಪ್‌ಟಾಪಲ್ಲಿ ಓಡಿಸಿದ್ರೆ ಬುದ್ಧಿ ಜಾಸ್ತಿ ಆಗಿ ಪಾಯಿಂಟ್ ಕಮ್ಮಿ ಆದ್ರೂ ಆಶ್ಚರ್ಯ ಇಲ್ಲ.

ಹುಡುಗನ ಬಹುಮಾನ ವಾಪಸ್ ತಗೊಳ್ಳಿ ಅಂತ ನಾನು ಕೇಳ್ತಿಲ್ಲ, ಅವನು ರೂಲ್ ಪ್ರಕಾರ ಗೆದ್ದ, ಅದು ಅವನದ್ದೇ. ನಿಮ್ಮನ್ನ ಕೇಳೋದು ಇಷ್ಟು, ಇನ್ಮೇಲೆ ಇಂಥ ಸುದ್ದಿ ಬರೆಯುವಾಗ ಯಾವ ಮಿಷಿನ್, ಎಷ್ಟು ಟೈಮು, ಎಷ್ಟು ಆಟ ಅಂತ ಒಂದು ಸಾಲು ಹಾಕಿ. ಕಬಡ್ಡಿ ಸುದ್ದಿಲಿ ಎಷ್ಟು ಕೆಜಿ ವಿಭಾಗ ಅಂತ ಹಾಕ್ತೀರಲ್ಲ ಹಂಗೆ. ಕಾಲೇಜಿನವರಿಗೆ ಮುಂದಿನ ಸಲ ಲ್ಯಾಬ್ ಬೀಗ ತೆಗೆಯೋಕೆ ಆಗಲ್ಲ ಅಂದ್ರೆ ನನ್ನ ಅಂಗಡಿಲಿ ಒಂದೇ ಮಾಡೆಲ್ಲಿನ ಎರಡು ಹಳೇ ಡೆಸ್ಕ್‌ಟಾಪ್ ಇವೆ, ಬಾಡಿಗೆ ಬೇಡ, ತಂದು ಇಟ್ಟು ಹೋಗ್ತೀನಿ. ಯುಪಿಎಸ್‌ಗೆ ಮಾತ್ರ ಬಾಡಿಗೆ ಕೊಡಿ, ಆದ್ರೆ ಈ ಸಲ ಮೊದಲು ಆಡೋ ಟೇಬಲ್ಲಿಗೆ, ಆಮೇಲೆ ಮೈಕಿಗೆ, ವೈರು ನಾನೇ ಎಳೀತೀನಿ.

ಪತ್ರ ಉದ್ದ ಆಯ್ತು ಅಂತ ಗೊತ್ತು. ಜಾಗ ಇಲ್ಲ ಅಂದ್ರೆ ಹಾಂಗ್‌ಕಾಂಗ್ ಲೈಡನ್ ಎಲ್ಲ ಕತ್ತರಿಸಿ, 13 – 7, 12 – 8, 20.5 – 19.5 ಅನ್ನೋ ಮೂರು ಲೆಕ್ಕ ಮಾತ್ರ ಬಿಡಿ. ಹೆಸರು ಹಾಕಬೇಡಿ, ಆ ಕಾಲೇಜಿನ ಪ್ರಿಂಟರ್ ರಿಪೇರಿ ಇನ್ನೂ ನನ್ನ ಹತ್ರನೇ ಬರ್ತಿದೆ.

ಇಂತಿ,
ಒಬ್ಬ ಕಂಪ್ಯೂಟರ್ ರಿಪೇರಿಯವನು, ಚಿಂತಾಮಣಿ